ಬೇಡಿಕೆ

ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಶೆಡ್ಡಿನಲ್ಲಿ
ಮೋನಿಕಾ ಟೀಚರ್ ನಮಗೆ ಮನವಿ ಬರೆಯಲು ಕಲಿಸಿದರು.
ಕಾಗದದ ಕಾರ್ಖಾನೆಗೆ ಬೀಗ ಬಿದ್ದ ಭದ್ರಾವತಿ;
ಹಾಳೆಯನ್ನು ಅಂಗಡಿಯಿಂದ ಕೊಂಡು ತಂದಿದ್ದೆವು.

'ದಯಮಾಡಿ, ಕೈಮುಗಿದು' ಅಂತ ಶುರುಮಾಡಿದ್ದೆ ನಾನು.
ದಯೆಯನ್ನು ಹೊಡೆದುಹಾಕಿದರು. ಮುಗಿದ ಕೈ ಬಿಡಿಸಿದರು.
ಬೇಡಿಕೆಯನ್ನು ಮಾತ್ರ ಉಳಿಸಿ ಅಂದರು:
'ಇದರೊಳಗೂ ಬೇಡುವವನೊಬ್ಬ ಕೂತಿದ್ದಾನೆ, ಏನು ಮಾಡುವುದು,
ಇರುವ ಪದ ಇದೇ. ಬೆನ್ನು ನೆಟ್ಟಗಿಟ್ಟು ಓದಿ.'

ಪೌರಕಾರ್ಮಿಕರಿಗೆ ಕೈಗವಸು ಕೊಡಿ.
ಪ್ರಾಕ್ಟೀಸಿಗೆ ಅಲ್ಫೋನ್ಸ್ ಕಮಿಷನರ್ ಆದ,
ಕಾಲ ಮೇಲೆ ಕಾಲು ಹಾಕಿ.
ನಮ್ಮ ದನಿ ನಮಗೇ ಇಷ್ಟವಾಗತೊಡಗಿತ್ತು.
ಹದಿನಾಲ್ಕು ಜನ, ಹದಿಮೂರು ಸಹಿ.

ಜೆಸಿಂತಾ ಹಾಳೆ ಮಡಚಿ ಮನೆಗೊಯ್ದು ಅವ್ವನಿಗೆ ಓದಿದಳು.

ಸವರಿಯಮ್ಮ ಗೂಡಿನಿಂದ ಒಂದು ಜೊತೆ ತೆಗೆದಳಂತೆ,
ಹೋದ ವರ್ಷದ್ದು, ಹೊಸದೇ, ಗಂಡಸರ ಅಳತೆ;
ಬೆರಳಿಗೊಂದು ಬೀಜ ತುಂಬಿಟ್ಟಿದ್ದಳು:
ಹೀರೆ, ಬೆಂಡೆ, ಹರಿವೆ.
'ಗವಸು ಯಾರು ಕೇಳಿದ್ರು?
ಹನ್ನೊಂದಕ್ಕೆ ಬುತ್ತಿ ಬಿಚ್ಚುವಾಗ ಕೈ ತೊಳೆಯೋಕೆ
ಇಡೀ ಮಾರ್ಕೆಟ್ಟಿಗೆ ಒಂದು ನಲ್ಲಿ ಇಲ್ಲ.
ಬರೆಯೋ ಮುಂಚೆ ಒಂದು ಮಾತು...'

ಮುಂದಿನ ಭಾನುವಾರ ಹೊಸ ಹಾಳೆ. ಟೀಚರ್ ಏನೂ ಅನ್ನಲಿಲ್ಲ,
ಪೆನ್ನು ಜೆಸಿಂತಾಗೆ ಕೊಟ್ಟು ಹಿಂದಿನ ಬೆಂಚಿಗೆ ಹೋದರು.
ಮೊದಲ ಸಹಿಯ ಜಾಗದಲ್ಲಿ ಒಂದು ಹೆಬ್ಬೆಟ್ಟು,
ಗೆರೆ ಅರ್ಧ ಸವೆದದ್ದು.
ನಗರಸಭೆಯ ಗುಮಾಸ್ತ ಬೆಳಕಿಗೆ ಹಿಡಿದು ನೋಡಿ
'ಇದು ಸರಿಯಾಗಿ ಮೂಡಿಲ್ಲ' ಅಂದ.

ಹದಿನಾಲ್ಕು ಜನ
ಸೀಲು ಬೀಳುವವರೆಗೆ ಅಲ್ಲೇ ನಿಂತಿದ್ದೆವು.