ಕೂತವರ ಎಡ

ಟೆಮೋರಾದ ಹೊರಗೆ, ಗೋಧಿ ಹೊಲ ಮುಗಿದಲ್ಲಿ
ಒಂದು ತಗಡಿನ ಶೆಡ್ಡು.
ಇಲ್ಲಿ ಜುಲೈ ಎಂದರೆ ಚಳಿ. ಬೆಳಗಿನ ಹಿಮ
ಬೋಲ್ಟಿನ ತಲೆಯ ಮೇಲೂ ಉಪ್ಪಿನ ಹಾಗೆ.

ಡಾಟ್ ಪಿಕರಿಂಗ್‌ಗೆ ಎಪ್ಪತ್ತೊಂದು.
ಮೂವತ್ತು ವರ್ಷ ಶಾಲೆ ಬಸ್ಸಿನ ಸ್ಟಿಯರಿಂಗು ಹಿಡಿದವಳು
ಈಗ ಆರು ವರ್ಷದಿಂದ
ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದ ವಿಮಾನವನ್ನು
ರಿವೆಟ್ಟು ರಿವೆಟ್ಟಾಗಿ ಹೊಲಿಯುತ್ತಿದ್ದಾಳೆ.
ನಾನು ಶನಿವಾರದ ಆಳು,
ಉಳಿದ ದಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು.

ಮೊದಲು ಕೋಲನ್ನು ನಟ್ಟನಡುವೆ ನಿಲ್ಲಿಸಿ
ಎರಡು ಪಟ್ಟಿಗಳ ನಡುವೆ ಬಿಗಿದೆವು,
ಹಟದ ಕರುವನ್ನು ಗೂಟಕ್ಕೆ ಕಟ್ಟಿದಂತೆ.
ರೆಕ್ಕೆಯಂಚಿನ ಐಲರಾನ್, ಬಾಲದ ರಡ್ಡರ್,
ಮೂಗು ಎತ್ತಿಳಿಸುವ ಎಲಿವೇಟರ್,
ಎಲ್ಲವೂ ಈ ನಡುವನ್ನು ಒಪ್ಪಬೇಕು.

ಸೀಟಿನ ಹಿಂದಿನ ಕಂಡಿಗೆ ಅವಳ ಭುಜ ಹಿಡಿಸದು.
ನಾನು ನುಸುಳಿದೆ, ಹಲ್ಲಲ್ಲಿ ಟಾರ್ಚು ಕಚ್ಚಿ.
ಎರಡು ತಂತಿ, ಎರಡು ಕೊಂಡಿ.
"ಎಡದ್ದು ಎಡಕ್ಕೆ" ಎಂದಳು ಹೊರಗಿನಿಂದ.
ಎಡದ್ದು ಎಡಕ್ಕೆ ಹಾಕಿದೆ.

ತಂತಿ ಬಿಗಿಯಾದರೆ ಕೋಲು ಮುನಿಯುತ್ತದೆ.
ಸಡಿಲಾದರೆ, ಹೇಳಿದ್ದು ಕೇಳಿಸಿಯೂ ಕೇಳಿಸದಂತೆ ಇರುತ್ತದೆ.
ಟರ್ನ್‌ಬಕಲ್ ತಿರುಗಿಸುತ್ತ ಡಾಟ್
ಸೇಫ್ಟಿ ವೈರು ಬಾಯಲ್ಲಿಟ್ಟುಕೊಂಡೇ ಬೈಯುತ್ತಾಳೆ,
ಇಂಥವರನ್ನು ಅಂತ ಇಲ್ಲ.
"ಮೂರು ಥ್ರೆಡ್ಡು ಹೊರಗೆ ಕಾಣಬಹುದು.
ನಾಲ್ಕನೆಯದು ಕಂಡರೆ ನಾನು ಕಾಣುವುದಿಲ್ಲ."

ಮೇಲಕ್ಕೆ ಇಪ್ಪತ್ತೈದು ಡಿಗ್ರಿ, ಕೆಳಕ್ಕೆ ಹದಿನೈದು.
ಅರ್ಧ ಡಿಗ್ರಿಗೆ ಅರ್ಧ ದಿನ ಹೋಯಿತು.
ಅವಳು ಸೀಟಿನಿಂದ ಕೋಲು ವಾಲಿಸುವಳು,
ನಾನು ರೆಕ್ಕೆಯ ಬಳಿ ಕೋನಮಾಪಕ ಹಿಡಿದು
ಅಂಕಿ ಕೂಗುವೆ, ಅವಳು ಬರೆದುಕೊಳ್ಳುವಳು.
ಅಂಕಿಗಳೆಲ್ಲ ಕೈಪಿಡಿಯಲ್ಲಿದ್ದ ಹಾಗೇ.
ಆ ಸಂಜೆ ಖುಷಿಯಲ್ಲಿ ಎರಡೆರಡು ಬಿಸ್ಕತ್ತು ತಿಂದೆವು.

ಕಟ್ಟಿದವರ ಕಣ್ಣು ಸಾಲದು, ಕಟ್ಟದವರ ಕಣ್ಣೂ ಬೇಕು.
ಮುಂದಿನ ವಾರ ಕ್ಲೈವ್ ಮ್ಯಾಡರ್ನ್ ಬಂದ,
ಒಂದು ಕಾಲಕ್ಕೆ ಬೆಳೆಗೆ ಮದ್ದು ಸಿಂಪಡಿಸಲು ಹಾರುತ್ತಿದ್ದವನು.
ನಮ್ಮ ಅಂಕಿಗಳ ಹಾಳೆಯನ್ನು ನೋಡಲಿಲ್ಲ.
ಕೂತ. ಕೋಲು ಹಿಡಿದ.
ಹೆಬ್ಬೆಟ್ಟನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿದ.
ಎಡಕ್ಕೆ ವಾಲಿಸಿದ.
ಹೆಬ್ಬೆಟ್ಟು ತೋರಿದ ಕಡೆಯ ಐಲರಾನ್ ಏಳಬೇಕು.
ಎದ್ದದ್ದು ಬಲದ್ದು.

ಮಾಡಿನ ಮೇಲೆ ಗಲಾ ಹಕ್ಕಿಗಳ ಉಗುರು
ತಗಡು ಕೆರೆಯುವ ಸದ್ದು. ಮತ್ತೇನಿಲ್ಲ.
"ಅಳತೆ ಎಲ್ಲ ಸರಿ ಇತ್ತಲ್ಲ" ಎಂದೆ.
"ಸರಿಯೇ ಇದೆ" ಎಂದ ಕ್ಲೈವ್,
"ನೆಲ ಬಿಟ್ಟ ಮೂರನೇ ಸೆಕೆಂಡಿನವರೆಗೂ."

ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಓದು ಬಾರದವರ ಸಹಿ.
ಓದಿದ ನಾವಿಬ್ಬರೂ ಅದನ್ನೊಂದು ಮಾತು ಕೇಳಿರಲಿಲ್ಲ.

ಹನ್ನೊಂದು ವರ್ಷದಿಂದ ಸೀಸದ ಪುಟ್ಟ ಅಕ್ಷರವಿಟ್ಟು
ಯಾರ ಎಡ ಯಾವುದೆಂದು ಗುರುತು ಹಾಕುವವಳು ನಾನು.
ಎದುರು ನಿಂತವರ ಎಡ ನನ್ನ ಬಲಗೈಯ ಕಡೆ ಇರುತ್ತದೆ,
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.
ಆದರೆ ಅಲ್ಲಿ ಮಲಗುವವರು ಬೇರೆ.
ಆ ಕಂಡಿಯಲ್ಲಿ, ಬಾಲದ ಕಡೆ ಮುಖ ಮಾಡಿ,
ಮಲಗಿದ್ದವಳು ನಾನೇ.

ಡಾಟ್ ನನ್ನನ್ನು ಬೈಯಲಿಲ್ಲ. ಅದೇ ಕಷ್ಟವಾಯಿತು.
ಸೇಫ್ಟಿ ವೈರನ್ನು ಚಟ್ ಎಂದು ಕತ್ತರಿಸಿದಳು,
ತುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕಿದಳು,
ಒಂದೂ ಒಳಗೆ ಉಳಿಯಬಾರದು.
ಹಳೆಯ ಉಗುರುಬಣ್ಣದ ಸೀಸೆ ಹುಡುಕಿ ತಂದು
ಒಂದು ಕೊಂಡಿಗೂ ಒಂದು ತಂತಿಗೂ ಕೆಂಪು ಹಚ್ಚಿದಳು.
"ಕೂತವರ ಎಡವೇ ಎಡ" ಎಂದಳು.
"ನೀನು ತಲೆಕೆಳಗಾಗಿ ನೇತಾಡುತ್ತಿದ್ದರೂ."

ಮತ್ತೆ ನುಸುಳಿದೆ.
ಎಡವುವುದು ಎಂಬ ಮಾತಿನೊಳಗೇ ಎಡ ಇದೆಯಲ್ಲ
ಎಂದು ಅಲ್ಲಿ, ಆ ಕತ್ತಲಲ್ಲಿ, ಹೊಳೆದು
ಒಬ್ಬಳೇ ನಕ್ಕೆ. ಟಾರ್ಚು ಬಿತ್ತು.

ಸೋಮವಾರ ಒಬ್ಬ ಹುಡುಗ ಬಂದ,
ಫುಟ್‌ಬಾಲಿನಲ್ಲಿ ಬಿದ್ದು ಮಣಿಕಟ್ಟು ಊದಿತ್ತು.
ಅಕ್ಷರ ಇಟ್ಟೆ. ತೆಗೆದೆ.
ಅವನ ಪಕ್ಕಕ್ಕೆ ಹೋಗಿ, ಅವನ ಹಾಗೇ ಗೋಡೆಗೆ ಮುಖ ಮಾಡಿ ನಿಂತು
ನನ್ನ ಕೈ ನೋಡಿಕೊಂಡೆ.
"ಏನಾಯ್ತು?" ಎಂದ.
"ಏನಿಲ್ಲ" ಎಂದೆ, "ಅಲುಗಾಡಬೇಡ."