ಎಂಟು ಗ್ರಾಂ

ಕದ್ದದ್ದಲ್ಲ.
ಮೊದಲು ಇದನ್ನೇ ಹೇಳಬೇಕು, ತಾಮ್ರ ಅಂದಕೂಡಲೇ
ಜನ ಕೈ ನೋಡುತ್ತಾರೆ.
ತೋಟದ ರೈಟರ್ ಸಹಿ ಮಾಡಿದ ಚೀಟಿ
ಗುಜರಿಯ ಬಾಗಿಲ ಮೊಳೆಗೆ ಸಿಕ್ಕಿಸಿದೆ,
ಪೊಲೀಸರು ಟೀ ಕುಡಿಯುತ್ತಾ ಓದಲಿ ಅಂತ.

ಸುಂಟಿಕೊಪ್ಪದ ಇಳಿಜಾರಲ್ಲಿ ಪಿಕಪ್ ಹಿಮ್ಮುಖವಾಗಿ ಬಂದು
ಇಳಿಸಿ ಹೋದದ್ದು ಎರಡು.
ಬೂದು ಬಣ್ಣ, ಪಕ್ಕೆಲುಬಿನಂಥ ರೆಕ್ಕೆ,
ಪಿಂಗಾಣಿ ಕೊಂಬು ಮುರಿದ ಕೋಣಗಳ ಹಾಗೆ
ಒಂದಕ್ಕೊಂದು ಬೆನ್ನು ಕೊಟ್ಟು ಕೂತವು.
ಕುಂಞಿಮೋನು ಕಾಕ ತಗಡಿಗೆ ಉಗುಳು ಹಚ್ಚಿ ಉಜ್ಜಿ ಓದಿದರು:
ಅರವತ್ತಮೂರು ಕೆವಿಎ. ಇಸವಿ ಎಂಬತ್ತೇಳು.
ಎಣ್ಣೆ ಇಷ್ಟು, ಒಟ್ಟು ತೂಕ ಇಷ್ಟು.
ಒಳಗಿರುವುದು ತಾಮ್ರವೋ ಅಲ್ಯೂಮಿನಿಯಮ್ಮೋ,
ಆ ಸಾಲನ್ನು ಮಾತ್ರ ತುಕ್ಕು ತಿಂದಿತ್ತು.
ನಟ್ಟು ಬಿಚ್ಚುವ ತನಕ ನಾವೆಲ್ಲ ಜೂಜುಕೋರರು.

ಎಣ್ಣೆ ಡ್ರಮ್ಮಿಗೆ ಇಳಿಯುತ್ತಿರುವಾಗ
ಎದುರು ಮನೆಯ ಅಜ್ಜಿ ಬಾಟಲಿ ಹಿಡಿದು ಬಂದಳು, ಮಂಡಿಗೆ ಹಚ್ಚಲು.
ಬೇಡಜ್ಜಿ, ಮೈಗೆ ಕೆಟ್ಟದ್ದು ಅಂದೆ.
‘ಇಷ್ಟು ವರ್ಷ ಕರೆಂಟು ಕುಡಿದ ಎಣ್ಣೆ,
ನನ್ನ ಕೀಲಲ್ಲಿ ಒಂದಿಷ್ಟಾದರೂ ಓಡೀತು’ ಅಂದಳು.
ನಕ್ಕೆವು. ಕೊಡಲಿಲ್ಲ.

ಚೈನ್ ಪುಲ್ಲಿ ಹಿಡಿದು ಮೇಲೆದ್ದು ಬಂತು ಒಡಲು.
ಕಾಕ ಚಾಕುವಿನ ಮೊನೆಯಲ್ಲಿ ಗೀರಿದರು.
ಮೊದಲನೆಯದು ಬಿಳಿ.
ಏನೂ ಹೇಳದೆ, ಆರಿದ ಬೀಡಿಯನ್ನೇ ಮತ್ತೆ ಹಚ್ಚಿದರು.
ಎರಡನೆಯದು
ಹಣ್ಣು ಕಾಫಿಗೆ ಉಗುರು ತಾಗಿದ ಹಾಗೆ
ಪೇಪರಿನ ಸಂದಿಯಿಂದ ಕೆಂಪಗೆ.

ಸುಟ್ಟರೆ ಅರ್ಧ ಗಂಟೆಯ ಕೆಲಸ.
ಸುಟ್ಟ ತಾಮ್ರಕ್ಕೆ ಮೈಸೂರಿನವನು ಕಿಲೋಗೆ ಐವತ್ತು ಮುರಿಯುತ್ತಾನೆ.
ಆದ್ದರಿಂದ ನಾನು, ಪಳನಿಯಮ್ಮ, ಎರಡು ಮಣೆ.
ಸುಲಿಯುವುದು. ದಿನಕ್ಕೆ ನಾನೂರು.
ಎಣ್ಣೆಯಲ್ಲಿ ನೆನೆದು ಕಂದಾದ ಪಟ್ಟಿ
ಸುತ್ತು ಸುತ್ತಾಗಿ ಬಿಟ್ಟುಕೊಡುತ್ತದೆ.
ಎಲ್ಲಿಯದೋ ಕಾರ್ಖಾನೆಯಲ್ಲಿ ಯಾರೋ ಸುತ್ತಿದ್ದನ್ನು
ಕೊನೆಯಿಂದ ಶುರು ಮಾಡಿ ಓದಿದ ಹಾಗೆ.

ಮೂರನೇ ದಿನ ಪಳನಿಯಮ್ಮ ಕೇಳಿದಳು,
ಇದು ಯಾವ ತೋಟದ್ದು?
ಚೀಟಿ ಪೊಲೀಸರಿಗೆಂದು ಸಿಕ್ಕಿಸಿದ್ದು, ನಾವ್ಯಾರೂ ಓದಿರಲಿಲ್ಲ.
ಕೈ ಒರೆಸಿ ಹೋಗಿ ನೋಡಿದೆ.
ನಮ್ಮ ಲೈನಿನ ಹಿಂದಿನದು.

ಆರನೇ ನಂಬರಿನ ಗೋಡೆಗೆ ಕಿವಿಯಿಟ್ಟರೆ
ರಾತ್ರಿಯೆಲ್ಲ ಗುಂಯ್ ಅನ್ನುತ್ತಿತ್ತು.
ಮುದುಕ ಗೊರಕೆ ಹೊಡೆಯುತ್ತಾನೆ ಅಂತ ಅವ್ವ ಬೈಯುತ್ತಿದ್ದಳು.
ಸಿಡಿಲಿಗೆ ಫ್ಯೂಸು ಹೋದರೆ
ಲೈನ್‌ಮ್ಯಾನ್ ಬೆಳ್ಯಪ್ಪ ಉದ್ದ ಕೋಲು ಹಿಡಿದು ಬರುವವರೆಗೆ
ಹದಿನಾಲ್ಕು ಮನೆಯೂ ಹೊರಗೆ.
ಆನೆ ಇದೆಯೋ ಅಂತ ಒಂದು ಕಿವಿ ತೋಟದ ಕಡೆ,
ಇನ್ನೊಂದು ಕಿವಿಯಲ್ಲಿ ಪಕ್ಕದ ಮನೆಯ ಸಂಸಾರ.
ಜಗಳ ಆಡಿದವರೂ ಕತ್ತಲಲ್ಲಿ ಬೀಡಿಗೆ ಕಡ್ಡಿ ಕೊಡುತ್ತಿದ್ದರು.
ಟಪ್.
ಆಮೇಲೆ ಗುಂಯ್.
ಅರ್ಧ ಮಾತಲ್ಲೇ ಎಲ್ಲರೂ ಒಳಗೆ.

ಅದೆಲ್ಲ ಇದರೊಳಗೆ ಎಲ್ಲಿತ್ತು?
ಪೂರ್ತಿ ಸುಲಿದೆ. ಸಿಕ್ಕಿದ್ದು ಪೇಪರು, ಜಿಡ್ಡು,
ಹೆಬ್ಬೆರಳಷ್ಟು ಕರಕಲು ಜಾಗ.

ತೂಕ ಎಪ್ಪತ್ತೊಂದು ಕಿಲೋ ನಾನೂರು.
ಬಿಳಿಯದರಲ್ಲಿ ಹೋದದ್ದು ಕೆಂಪಿನಲ್ಲಿ ಬಂತು,
ನಮ್ಮ ಕೂಲಿ ಕಳೆದು ಮೇಲೊಂದಿಷ್ಟು ಉಳಿಯಿತು,
ಎಷ್ಟು ಅಂತ ಕಾಕ ಹೇಳಲಿಲ್ಲ, ಟೀ ಜೊತೆ ಬನ್ನು ತರಿಸಿದರು.
ಆಮೇಲೆ, ‘ಬೆರಳು ತೋರಿಸು.’

ಒಂದು ತುಂಡು ಸುತ್ತಿ ಉಂಗುರ ಮಾಡಿಕೊಂಡಿದ್ದೆ,
ಯಾರೂ ನೋಡಿಲ್ಲ ಅಂದುಕೊಂಡು.
ಚಿಲ್ಲರೆ ತಕ್ಕಡಿ ಎದುರಿಗೆ ಬಂತು. ಬಿಚ್ಚಿಟ್ಟೆ.
ಎಂಟು ಗ್ರಾಂ.
ಕಿವಿಯ ಮೇಲಿನ ಪೆನ್ಸಿಲ್ ಇಳಿದು
ನನ್ನ ಹೆಸರಿನ ಮುಂದೆ ಬರೆಯಿತು: ಐದು ರೂಪಾಯಿ ಅರವತ್ತು ಪೈಸೆ.
‘ಈಗ ಹಾಕಿಕೋ’ ಅಂದರು.

ನಾಲ್ಕು ದಿನಕ್ಕೆ ಬೆರಳು ಹಸಿರಾಗಿದೆ,
ಸೋಪಿಗೂ ಹೋಗುತ್ತಿಲ್ಲ.
ಬಿಳಿಯದರ ಖಾಲಿ ತೊಟ್ಟಿ ಇನ್ನೂ ಅಂಗಳದಲ್ಲಿದೆ;
ಅಜ್ಜಿಯ ಕೋಳಿ ಅದರೊಳಗೆ ಮೊಟ್ಟೆ ಇಡುತ್ತದೆ.
ಅಜ್ಜಿ ಈಗ ಬಾಟಲಿ ತರುವುದಿಲ್ಲ, ಬುಟ್ಟಿ ತರುತ್ತಾಳೆ,
ಬಗ್ಗಿ, ಒಂದು ಕೈ ಮಂಡಿಯ ಮೇಲಿಟ್ಟು.