ಒಂದೂಕಾಲು ಗ್ರಾಂ

ರಸೆಲ್ ಮಾರ್ಕೆಟ್ಟಿನ ಹಿಂದೆ ಜಬೀನಾಳ ಗಾಡಿ.
ಸುಲಿದ ಮೋಸಂಬಿ ಸಿಪ್ಪೆಯ ಮೇಲೆ ಮೊದಲ ಹಕ್ಕು
ಪಕ್ಕದ ಗಲ್ಲಿಯ ಮೇಕೆಯದು.
ಉಳಿದದ್ದು ನನಗೆ, ಸಿಮೆಂಟಿನ ಚೀಲದಲ್ಲಿ.

ಹಾಸ್ಟೆಲ್ ತಾರಸಿಯಲ್ಲಿ ಮೂರು ಬಿಸಿಲು.
ಬೆಂಗಳೂರಿನ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ:
ನಾಲ್ಕನೆಯ ದಿನ ಮೋಡ, ಅಂಚಿಗೆ ಹಸಿರು ಬೂಷ್ಟು,
ಅರ್ಧ ಚೀಲ ತಿಪ್ಪೆಗೆ.

ಮಿಕ್ಕದ್ದನ್ನು ಪುಡಿಮಾಡಿ
ಪೆಟ್ರೋಲಿಯಂ ಈಥರಿನಲ್ಲಿ ತೊಳೆದೆ. ಎಣ್ಣೆ ಹೋಯಿತು,
ಎಣ್ಣೆಯ ಬೆನ್ನಿಗೆ ಘಮವೂ.
ವೇಸ್ಟ್ ಎಂದು ಬರೆದಿಟ್ಟ ಕ್ಯಾನು ಆವತ್ತು
ಹಬ್ಬದ ಮನೆಯ ಹಾಗಿತ್ತು.

ಆಮೇಲೆ ಮೆಥನಾಲು, ಮೂರು ಗಂಟೆ ಕುದಿ;
ಕರೆಂಟು ಹೋಗಿ ಬಂದು ನಾಲ್ಕೂವರೆ.
ಬೆಲ್ಲದ ಪಾಕದಂಥ ಕಂದು ಅಂಟು.
ಒಂದಿಷ್ಟು ಆಮ್ಲ ಸುರಿದು ಬಾಗಿಲು ಹಾಕಿದೆ.
ಬೆಳಗ್ಗೆ ನೋಡಿದರೆ ತಳದಲ್ಲಿ ಬಿಳಿ,
ಯಾರೂ ಇಲ್ಲದಾಗ ಹೆಪ್ಪುಗಟ್ಟಿದ ಮೊಸರಿನಂತೆ.

‘ಶುದ್ಧವಾದದ್ದು ತಡವರಿಸದೆ ಕರಗುತ್ತದೆ’
ಅನ್ನುತ್ತಾರೆ ಪಂಕಜವಲ್ಲಿ ಮೇಡಂ.
ನನ್ನದು ಇನ್ನೂರ ನಲವತ್ತು ಡಿಗ್ರಿಗೇ ಬೆವರಿತು.
ಕರಗಿಸು, ಸೋಸು, ಮತ್ತೆ ಹರಳಾಗಲು ಬಿಡು.
ಮೂರನೆಯ ಸಲ ಒಪ್ಪಿದರು. ಅಷ್ಟರಲ್ಲಿ
ನಾಲ್ಕು ಗ್ರಾಂ ಇದ್ದದ್ದು ಒಂದೂಕಾಲು.

ಸೀಸೆ ಒಯ್ದು ಜಬೀನಾಗೆ ತೋರಿಸಿದೆ:
ಹೆಸ್ಪೆರಿಡಿನ್ ಅಂತ, ರಕ್ತನಾಳಕ್ಕೆ ಒಳ್ಳೆಯದಂತೆ.
ಮೂಸಿದಳು. ಅಲುಗಿಸಿದಳು. ಮತ್ತೆ ಮೂಸಿದಳು.
‘ಇದ್ರಲ್ಲಿ ಮೋಸಂಬಿ ಎಲ್ಲೈತಮ್ಮ?’

ಉತ್ತರ ಹೊಳೆಯುವಷ್ಟರಲ್ಲಿ ಗಿರಾಕಿ ಬಂದ,
ಅವಳ ಚಾಕು ಹೊಸ ಹಣ್ಣಿಗೆ ತಾಗಿತು,
ಸಣ್ಣ ತುಂತುರು ನನ್ನ ಕನ್ನಡಕದ ಮೇಲೆ.

ಒರೆಸಿಕೊಳ್ಳಲಿಲ್ಲ,
ಕಂಟೋನ್ಮೆಂಟ್ ಬರುವವರೆಗೂ.